24 ಜನ, ಒಂದು ನದಿ, ಒಂದು ಗಲ್ಲಿ: ಬ್ಯಾಂಕಾಕ್‌ನ ಒಂದು ದಿನದ ಪ್ರಕರಣ

ನಮ್ಮ ಗುಂಪಿನಲ್ಲಿ 24 ಜನ. ಬೋಟ್ ಹೊರಟಾಗ ಅದರೊಳಗೆ 15 ಜನ. ಉಳಿದ ಒಂಬತ್ತು ಜನ ದೋಣಿಕಟ್ಟೆಯ ಮೇಲೆ ನಿಂತು ಜೋರಾಗಿ ಕೈ ಬೀಸುತ್ತಿದ್ದರು. ಬೋಟಿನಲ್ಲಿದ್ದವರು ಅದನ್ನು ಟಾಟಾ ಅಂದುಕೊಂಡು ತಾವೂ ಕೈ ಬೀಸಿದರು. ಒಬ್ಬರಂತೂ ವಿಡಿಯೋ ಮಾಡಿದರು. ಆ ವಿಡಿಯೋ ಈಗಲೂ ನನ್ನ ಫೋನಿನಲ್ಲಿದೆ. ಈ ಪ್ರಕರಣಕ್ಕೆ ಅದೇ ಮೊದಲ ದಾಖಲೆ.

ಊರು ಬ್ಯಾಂಕಾಕ್. ನದಿ ಚಾವ್ ಫ್ರಾಯ. ಫೆಬ್ರವರಿಯ ಒಂದು ಶುಕ್ರವಾರ. ಬೆಳಗ್ಗೆ ನದಿ ವಿಹಾರ, ಮಧ್ಯಾಹ್ನ ಸಾಂಪೆಂಗ್ ಗಲ್ಲಿಯಲ್ಲಿ ಶಾಪಿಂಗ್, ಸಂಜೆ ಮತ್ತೆ ಬೋಟಿನಲ್ಲಿ ವಾಪಸ್. ಕಾಗದದ ಮೇಲೆ ಎಷ್ಟು ಚೆನ್ನಾಗಿತ್ತು ಅಂದರೆ, ಹಿಂದಿನ ರಾತ್ರಿ ಅದನ್ನು ನೋಡಿ ನಾನೇ ಖುಷಿಪಟ್ಟಿದ್ದೆ. ಆ ದಿನ ಎಲ್ಲಿ ಕೈಕೊಟ್ಟಿತು, ಎಲ್ಲಿ ತಾನಾಗಿಯೇ ಸರಿಹೋಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ತಪ್ಪುಗಳು ಹೆಚ್ಚುಕಮ್ಮಿ ನನ್ನವೇ. ಯೋಜನೆ ನನ್ನದು ತಾನೇ.

ಗುಂಪು ಮತ್ತು ಯೋಜನೆ

ಮೂರು ಕುಟುಂಬ, ಅವರ ನೆಂಟರು, ನಿವೃತ್ತರಾದ ಒಬ್ಬ ಮೇಷ್ಟ್ರು, ಪಕ್ಕದ ಮನೆಯ ಆಂಟಿ ಮತ್ತು ಅವರ ತಂಗಿ. ಎಲ್ಲರಿಗಿಂತ ದೊಡ್ಡವರು 74 ವರ್ಷದ ದೊಡ್ಡಪ್ಪ. ಚಿಕ್ಕವಳು ಒಂಬತ್ತು ವರ್ಷದ ಹುಡುಗಿ. ಐದು ದಿನದ ಪ್ರವಾಸದ ಕೊನೆಯ ದಿನ ಅದು. ರಾತ್ರಿಯೇ ವಿಮಾನ. ಸಂಜೆ 6.30ಕ್ಕೆ ಹೋಟೆಲಿನಿಂದ ಬಸ್ ಹೊರಡಬೇಕು. ಆ 6.30 ಅನ್ನುವುದು ನೆನಪಿರಲಿ, ಇಡೀ ದಿನ ನನ್ನ ತಲೆಯ ಮೇಲೆ ತೂಗುತ್ತಿದ್ದದ್ದು ಅದೇ.

24 ಜನಕ್ಕೆ ಒಂದು ಬೋಟನ್ನೇ ಬಾಡಿಗೆಗೆ ಹಿಡಿಯಬಹುದಿತ್ತು. ನಾನೇ ಬೇಡ ಅಂದೆ. ಬಾಡಿಗೆ ಬೋಟಿನಲ್ಲಿ ಮೈಕಿನ ಗಲಾಟೆ ಇರುತ್ತೆ, ಊರಿನ ಜನ ಸಿಗುವುದಿಲ್ಲ. ಸಾರ್ವಜನಿಕ ಬೋಟಿನಲ್ಲಿ ಕಚೇರಿಗೆ ಹೋಗುವವರ ಜೊತೆ ಹೋದರೆ ನದಿ ಬೇರೆಯದೇ ತರ ಕಾಣುತ್ತೆ. ಕಿತ್ತಳೆ ಬಾವುಟದ ಬೋಟಿಗೆ ನಾವು ಹೋದಾಗ ಎಲ್ಲಿಂದ ಎಲ್ಲಿಗಾದರೂ 16 ಬಾತ್. ಬಾತ್ ಅಂದರೆ ಥಾಯ್ ದುಡ್ಡು, ವಾಂಗಿಬಾತಿನ ಬಾತ್ ಅಲ್ಲ. ಈ ಜೋಕನ್ನು ಐದು ದಿನದಲ್ಲಿ ಎಲ್ಲರೂ ಒಂದೊಂದು ಸಲ ಮಾಡಿದ್ದರು. 24 ಜನಕ್ಕೆ 384 ಬಾತ್. ಇಷ್ಟು ಕಮ್ಮಿ ದುಡ್ಡಿಗೆ ನದಿ ವಿಹಾರ ಅಂತ ನಾನು ಬೀಗಿದೆ. ಆ ನಿರ್ಧಾರ ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ಆದರೆ ಅದರ ಜೊತೆ ಬರುವ ಒಂದು ಸಂಗತಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ದೋಣಿಕಟ್ಟೆ

ನಮ್ಮ ಹೋಟೆಲ್ ಸಫಾನ್ ತಾಕ್ಸಿನ್ ಹತ್ತಿರ. ಅಲ್ಲಿ ಮೇಲ್ಸೇತುವೆ ರೈಲಿನ ನಿಲ್ದಾಣದ ಕೆಳಗೇ ಸಾಥೋನ್ ದೋಣಿಕಟ್ಟೆ. ಕಟ್ಟೆ ಅಂದರೆ ಕಲ್ಲಿನ ಮೆಟ್ಟಿಲಲ್ಲ. ನೀರಿನ ಮೇಲೆ ತೇಲುವ ದೊಡ್ಡ ಕಬ್ಬಿಣದ ಹಾಸು. ದಡದಿಂದ ಅದಕ್ಕೆ ಒಂದು ಸಂಕ. ಸಮುದ್ರದ ಏರಿಳಿತ ಬ್ಯಾಂಕಾಕ್ ತನಕ ಬರುವುದರಿಂದ ನದಿಯ ಮಟ್ಟ ದಿನದಲ್ಲೇ ಏರುತ್ತೆ, ಇಳಿಯುತ್ತೆ. ಹಾಸೂ ಅದರ ಜೊತೆ ಏರಿ ಇಳಿಯುತ್ತೆ. ಬೆಳಗ್ಗೆ ನಾವು ಹೋದಾಗ ಸಂಕ ಇಳಿಜಾರಾಗಿತ್ತು. ಮಂಡಿನೋವಿನ ದೊಡ್ಡಪ್ಪ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಅವರ ಹಿಂದೆ ಎಂಟು ಜನ ಸಾಲಾಗಿ ನಿಂತರು. ಹಿರಿಯರನ್ನು ದಾಟಿಕೊಂಡು ಹೋಗುವುದು ಹೇಗೆ ಅಂತ.

ಬೋಟ್ ಬಂತು. ಇಲ್ಲಿನ ಬೋಟು ಬರುವ ರೀತಿಯನ್ನು ಸ್ವಲ್ಪ ಹೇಳಬೇಕು. ಅದು ನಿಲ್ಲುವುದಿಲ್ಲ, ತಾಗುತ್ತೆ ಅಷ್ಟೆ. ಹಿಂಬದಿಯಲ್ಲಿ ಒಬ್ಬ ಹುಡುಗ ಹಗ್ಗ ಹಿಡಿದು ನಿಂತಿರುತ್ತಾನೆ. ಬಾಯಲ್ಲಿ ಸೀಟಿ. ಮುಂದೆ ಚುಕ್ಕಾಣಿ ಹಿಡಿದವನಿಗೆ ಹಿಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಈ ಸೀಟಿಯೇ ಅವನ ಕಣ್ಣು. ಚಿಕ್ಕ ಚಿಕ್ಕ ಸೀಟಿ, ಉದ್ದ ಸೀಟಿ, ಮತ್ತೆ ಚಿಕ್ಕದು. ಎಂಜಿನ್ ಹಿಂದಕ್ಕೆ ಗುರ್ ಅನ್ನುತ್ತೆ, ಕಟ್ಟೆಗೆ ಕಟ್ಟಿದ ಟೈರುಗಳಿಗೆ ಬೋಟ್ ಡಬ್ ಅಂತ ತಾಗುತ್ತೆ, ಹುಡುಗ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕುತ್ತಾನೆ. ಇಳಿಯುವವರು ಇಳಿಯುತ್ತಾರೆ. ಹತ್ತುವವರು ಹತ್ತುತ್ತಾರೆ. ಒಂದು ಸೀಟಿ. ಹಗ್ಗ ಬಿಟ್ಟಾಯಿತು. ಇಷ್ಟಕ್ಕೂ ಒಂದು ನಿಮಿಷ ಹಿಡಿದರೆ ಜಾಸ್ತಿ.

ಒಂದು ನಿಮಿಷದಲ್ಲಿ ನಮ್ಮ 15 ಜನ ಹತ್ತಿದ್ದೇ ದೊಡ್ಡದು. ನಾನು ಮೊದಲೇ ಹತ್ತಿಬಿಟ್ಟಿದ್ದೆ. ದಾರಿ ತೋರಿಸುವವನು ಮುಂದಿರಬೇಕು ಅಂದುಕೊಂಡು. ಅದೇ ತಪ್ಪು. ದಾರಿ ಗೊತ್ತಿದ್ದವನು ನಾನೊಬ್ಬನೇ, ಕೊನೆಗೆ ಹತ್ತಬೇಕಾಗಿತ್ತು. ಉಳಿದ ಒಂಬತ್ತು ಜನರಲ್ಲಿ ಯಾರಿಗೂ ಎಲ್ಲಿ ಇಳಿಯಬೇಕು ಅಂತ ಗೊತ್ತಿರಲಿಲ್ಲ. ಅವರಲ್ಲಿ ಫೋನಿತ್ತು, ಆದರೆ ಅಲ್ಲಿನ ಸಿಮ್ ಇರಲಿಲ್ಲ. ಹೋಟೆಲಿನ ವೈಫೈ ಬಿಟ್ಟರೆ ಫೋನು ಬರೀ ಗಡಿಯಾರ. ಇಡೀ 24 ಜನರಲ್ಲಿ ಸಿಮ್ ಹಾಕಿಸಿದ್ದವರು ನಾಲ್ಕೇ ಜನ, ನಾಲ್ವರೂ ಬೋಟಿನೊಳಗೆ.

ನಾನು ಮುಂದಿನ ಕಟ್ಟೆಯಲ್ಲಿ ಇಳಿದು, ಎದುರಿನಿಂದ ಬಂದ ಬೋಟ್ ಹಿಡಿದು ವಾಪಸ್ ಬಂದೆ. ಒಂಬತ್ತೂ ಜನ ಇದ್ದ ಜಾಗದಲ್ಲೇ ಇದ್ದರು. ಅದಕ್ಕೆ ಕಾರಣ ದೊಡ್ಡಪ್ಪ. "ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಅಲ್ಲಾಡಬಾರದು. ಹುಡುಕುವವರು ಬರ್ತಾರೆ" ಅಂತ ಎಲ್ಲರನ್ನೂ ಕೂರಿಸಿದ್ದರಂತೆ. ಸಂತೆಗೆ ಹೋಗುವ ಮೊದಲೇ ಸಂತೆಯ ಪಾಠ ಆಗಿತ್ತು. ನಾನು ಅದನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಮಧ್ಯಾಹ್ನದ ಫಜೀತಿ ತಪ್ಪುತ್ತಿತ್ತು.

9.15ಕ್ಕೆ ವಾಟ್ ಅರುಣ್ ಗುಡಿಯ ಎದುರು ದಡದ ಥಾ ತಿಯೆನ್ ಕಟ್ಟೆಯಲ್ಲಿ ಇರಬೇಕಾದವರು ಎಲ್ಲರೂ ಒಟ್ಟಾದಾಗ 9.55. ನಲವತ್ತು ನಿಮಿಷ ಹೋಯಿತು. ಅದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಥಾ ತಿಯೆನ್‌ನಲ್ಲಿ 14 ಜನ ಬಿಸಿಲಲ್ಲಿ ನಿಂತು ಅದೇ ನಲವತ್ತು ನಿಮಿಷ ಕಾದಿದ್ದರು. ಗುಂಪಿನಲ್ಲಿ ಒಬ್ಬರ ತಡವನ್ನು ಎಲ್ಲರೂ ಒಂದೊಂದು ಸಲ ಅನುಭವಿಸಬೇಕು.

ನದಿಯ ಬಗ್ಗೆ ಒಂದು ಮಾತು

ಗಡಿಬಿಡಿಯ ನಡುವೆಯೂ ನದಿ ಚೆನ್ನಾಗಿತ್ತು. ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಎರಡನೇ ಬೋಟಿನಲ್ಲಿ ಟಿಕೆಟ್ ಕೊಡುವಾಕೆ ಉದ್ದನೆಯ ತಗಡಿನ ಡಬ್ಬಿ ಹಿಡಿದು ಬಂದಳು. ಅದನ್ನು ಚಟ್ ಚಟ್ ಅಂತ ಬಡಿಯುತ್ತಾ ಜನರ ಸಂದಿಯಲ್ಲಿ ಸರಿಯುತ್ತಿದ್ದಳು. ಒಂದು ಕಡೆ ಚಿಲ್ಲರೆ, ಅದೇ ಡಬ್ಬಿಯಲ್ಲಿ ಟಿಕೆಟ್ ಸುರುಳಿ, ಅದರ ಮುಚ್ಚಳದ ಅಂಚಿನಲ್ಲೇ ಟಿಕೆಟ್ ಹರಿಯುವುದು. ನಮ್ಮ ಚಿಕ್ಕ ಹುಡುಗಿ ವಾಟ್ ಅರುಣ್ ಬಿಟ್ಟು ಆ ಡಬ್ಬಿಯನ್ನೇ ನೋಡುತ್ತಿದ್ದಳು. ಹಿಂಬದಿಯಲ್ಲಿ ಬೌದ್ಧ ಭಿಕ್ಷುಗಳಿಗೆ ಬಿಟ್ಟ ಜಾಗ. ನಮ್ಮ ಹೆಂಗಸರು ಅಲ್ಲಿ ನಿಲ್ಲಲು ಹೋದಾಗ ಸೀಟಿ ಹುಡುಗ ನಗುತ್ತಲೇ ಮುಂದೆ ಕಳಿಸಿದ.

ವಾಟ್ ಅರುಣ್ ಅಂದರೆ ಅರುಣನ ಗುಡಿ. ನಮ್ಮ ಅರುಣೋದಯದ ಅರುಣನೇ. ಗೋಪುರದ ಮೈತುಂಬ ಚೀನಾ ಪಿಂಗಾಣಿಯ ಚೂರುಗಳು, ಹೂವಿನ ಹಾಗೆ ಜೋಡಿಸಿದ್ದಾರೆ. ದಾಟುದೋಣಿಯಲ್ಲಿ ಆಚೆ ದಡಕ್ಕೆ ಹೋಗುವಾಗ ಮೇಷ್ಟ್ರಿಗೆ ನಾನೊಂದು ವಿಷಯ ಹೇಳಿದೆ. ಈ ಜಾಗದಲ್ಲಿ ನದಿ ಮೊದಲು ಹರಿಯುತ್ತಲೇ ಇರಲಿಲ್ಲ. ಆಗ ನದಿ ಪಶ್ಚಿಮಕ್ಕೆ ದೊಡ್ಡ ಕುದುರೆ ಲಾಳದ ಹಾಗೆ ಸುತ್ತಿಕೊಂಡು ಬರುತ್ತಿತ್ತು. 16ನೇ ಶತಮಾನದಲ್ಲಿ, ಆಗಿನ ರಾಜಧಾನಿ ಅಯುತ್ಥಯದ ರಾಜರು ಆ ಸುತ್ತು ತಪ್ಪಿಸಲು ಅಡ್ಡಕ್ಕೆ ಒಂದು ಕಾಲುವೆ ತೋಡಿಸಿದರು. ನೀರು ನೇರ ದಾರಿ ಹಿಡಿಯಿತು, ಕಾಲುವೆ ಅಗಲವಾಗುತ್ತಾ ಅದೇ ನದಿಯಾಯಿತು. ಹಳೆಯ ಸುತ್ತು ಈಗ ಬ್ಯಾಂಕಾಕ್ ಯೈ, ಬ್ಯಾಂಕಾಕ್ ನೊಯ್ ಅನ್ನುವ ಕಾಲುವೆಗಳಾಗಿ ಉಳಿದಿದೆ. ಮೇಷ್ಟ್ರು ನೀರನ್ನು ಒಮ್ಮೆ ನೋಡಿ, "ಅಂದ್ರೆ ನಾವು ಬಂದದ್ದು ಶಾರ್ಟ್‌ಕಟ್‌ನಲ್ಲಿ. ಆದರೂ ತಡ ಆಯ್ತಲ್ಲಪ್ಪ" ಅಂದರು.

ಒಂದೂವರೆ ಗಂಟೆ ಅಂದುಕೊಂಡಿದ್ದ ಗುಡಿಗೆ ಒಂದೇ ಗಂಟೆ ಸಿಕ್ಕಿತು. ಆರೇಳು ಜನ ಗೋಪುರದ ಮೆಟ್ಟಿಲು ಹತ್ತದೆಯೇ ಬಂದರು. ಆ ನಷ್ಟ ತುಂಬಿಕೊಳ್ಳಲು ಆಗಲಿಲ್ಲ.

ಗಲ್ಲಿ

ರಾಚವೊಂಗ್ ಕಟ್ಟೆಯಲ್ಲಿ ಇಳಿದಾಗ ಸರಿಯಾಗಿ 12 ಗಂಟೆ. ಅಲ್ಲಿಂದ ರಾಚವೊಂಗ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಎಡಕ್ಕೂ ಬಲಕ್ಕೂ ಒಂದು ಸಣ್ಣ ಗಲ್ಲಿ. ಅದೇ ಸಾಂಪೆಂಗ್. ನಕಾಶೆಯಲ್ಲಿ ಅದರ ಹೆಸರು ಸೊಯ್ ವಾನಿತ್ 1. 1782ರಲ್ಲಿ ಬ್ಯಾಂಕಾಕ್ ರಾಜಧಾನಿಯಾದಾಗ, ಅರಮನೆ ಕಟ್ಟಲು ಆರಿಸಿದ ಜಾಗದಲ್ಲಿದ್ದ ಚೀನೀ ವ್ಯಾಪಾರಿಗಳನ್ನು ಇಲ್ಲಿಗೆ ಕಳಿಸಿದರು. ಅಂದಿನಿಂದ ಇಲ್ಲಿ ವ್ಯಾಪಾರ ನಡೆಯುತ್ತಲೇ ಇದೆ. ಈಗ ಕ್ಲಿಪ್ಪು, ಓಲೆ, ರಿಬ್ಬನ್, ಜಿಪ್ಪು, ಗುಂಡಿ, ಚೀಲ, ಆಟದ ಸಾಮಾನು, ಪೆನ್ನು, ಮಣಿ. ಮೇಲೆ ತಗಡು, ಬಟ್ಟೆಯ ನೆರಳು. ಕೆಳಗೆ ಇಬ್ಬರು ಎದುರಾದರೆ ಭುಜ ತಾಗುವಷ್ಟು ಜಾಗ. ಅದರಲ್ಲೇ ಕೈಗಾಡಿ ತಳ್ಳುವವರು ಏನೋ ಕೂಗುತ್ತಾ ಬರುತ್ತಾರೆ. ಅರ್ಥ ಗೊತ್ತಾಗದಿದ್ದರೂ ಸರಿಯಬೇಕು ಅನ್ನುವುದು ಗೊತ್ತಾಗುತ್ತೆ. ಒಮ್ಮೊಮ್ಮೆ ಮೋಟರ್‌ಸೈಕಲ್ ಕೂಡ.

ಇಲ್ಲಿ 24 ಜನ ಸಾಲಾಗಿ ಹೊರಟೆವು. ಮುಂದಿನವರು ಓಲೆ ನೋಡಲು ನಿಂತರೆ ಸಾಲು ನಿಲ್ಲುತ್ತೆ. ಹಿಂದಿನವರು ಚೀಲ ನೋಡಲು ನಿಂತರೆ ಮುಂದಿನವರು "ಬಂದ್ರಾ, ಎಲ್ಲರೂ ಬಂದ್ರಾ" ಅಂತ ತಿರುಗಿ ನೋಡುತ್ತಾ ನಿಲ್ಲುತ್ತಾರೆ. ಐವತ್ತು ನಿಮಿಷದಲ್ಲಿ ನಾವು ನಡೆದದ್ದು ನೂರು ಮೀಟರ್ ಇರಬಹುದು. ಕೊಂಡದ್ದು ಎರಡು ಪರ್ಸು, ಒಂದು ಬೀಸಣಿಗೆ. ಎಲ್ಲರ ಮುಖದಲ್ಲೂ ಸಿಟ್ಟು. ನದಿಯಲ್ಲಿ ಬೋಟೇ ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಂಡಿರುತ್ತೆ. ಸಂತೆಯಲ್ಲಿ ಆ ಕೆಲಸವನ್ನು ನಾವು ಕೈಯಲ್ಲಿ ಮಾಡಲು ಹೋಗಿದ್ದೆವು. ಕೊಳ್ಳಲು ಬಂದ ಜನರನ್ನು ಒಟ್ಟಿಗೆ ಇಡುವುದು ಯಾರಿಂದ ಆಗುತ್ತೆ?

ಅತ್ತಿಗೆಯ ಅರ್ಧ ಡಜನ್

ತಿರುವು ಬಂದದ್ದು ನನ್ನಿಂದಲ್ಲ. ಓಲೆ ಅಂಗಡಿಯೊಂದರ ಮುಂದೆ ರಟ್ಟಿನ ಚೂರಿನಲ್ಲಿ ಎರಡು ಬೆಲೆ ಬರೆದಿತ್ತು. ನಾನು ಅದನ್ನು ಎರಡು ತರದ ಓಲೆ ಅಂದುಕೊಂಡಿದ್ದೆ. ಅತ್ತಿಗೆ ಮಾತ್ರ ಅಂಗಡಿಯಾಕೆಯ ಮುಂದೆ ಒಂದು ಜೊತೆ ಎತ್ತಿ ಹಿಡಿದರು. ಆಕೆ ಕ್ಯಾಲ್ಕ್ಯುಲೇಟರಿನಲ್ಲಿ 35 ಒತ್ತಿ ತೋರಿಸಿದಳು. ಅತ್ತಿಗೆ ಇನ್ನೂ ಎರಡು ಎತ್ತಿದರು. ಆಕೆ 30 ಅಂತ ಒತ್ತಿದಳು. ಆರಾದಾಗ 20. ಭಾಷೆ ಒಂದಕ್ಷರ ಇಲ್ಲ, ಚೌಕಾಸಿಯೂ ಇಲ್ಲ. ಇದು ಹೋಲ್‌ಸೇಲ್ ಗಲ್ಲಿ. ಬೆಲೆ ಇಳಿಯುವುದು ಮಾತಿಗಲ್ಲ, ಎಣಿಕೆಗೆ. ಆರೂ ಬೇರೆ ಬೇರೆ ಬಣ್ಣದ್ದಾದರೂ ಪರವಾಗಿಲ್ಲ.

ಅತ್ತಿಗೆ ಹಿಂದೆ ತಿರುಗಿ ಐದು ಜನ ಹೆಂಗಸರನ್ನು ಕರೆದರು. "ಬನ್ರೇ, ಒಬ್ಬೊಬ್ಬರು ಒಂದೊಂದು ಜೊತೆ ತಗೊಳ್ಳಿ. ದುಡ್ಡು ನಾನು ಕೊಡ್ತೀನಿ, ಆಮೇಲೆ ಲೆಕ್ಕ." 210 ಬಾತ್ ಆಗಬೇಕಾದ್ದು 120ರಲ್ಲಿ ಮುಗಿಯಿತು. ಆ ಆರು ಜನ ಅಲ್ಲಿಂದ ಮುಂದಿನ ಅಂಗಡಿಗೆ, ಅಲ್ಲಿಂದ ಮುಂದಿನದಕ್ಕೆ ಒಟ್ಟಿಗೇ ಹೋದರು. ನಾನು ಹೇಳದೆಯೇ. ಒಟ್ಟಿಗೆ ಇದ್ದರೆ ಲಾಭ ಇತ್ತಲ್ಲ, ಅದಕ್ಕೆ.

ಒಂದು ಗಂಟೆಗೆ ಊಟಕ್ಕೆ ಗಲ್ಲಿಯ ಪಶ್ಚಿಮದ ತುದಿಗೆ, ಫಾಹುರಾತ್‌ಗೆ ಹೋದೆವು. ಅದು ಬ್ಯಾಂಕಾಕ್‌ನ ಭಾರತೀಯರ ಬಟ್ಟೆ ಪೇಟೆ. ಚಿನ್ನದ ಬಣ್ಣದ ಗುಮ್ಮಟದ ಗುರುದ್ವಾರ ಇದೆ, ಸಸ್ಯಾಹಾರದ ಊಟ ಸಿಗುತ್ತೆ. ಊಟದ ಮೇಜಿನಲ್ಲಿ ಅತ್ತಿಗೆಯ ಕಡೆಯವರು ಓಲೆ ತೋರಿಸಿದ್ದೇ ತಡ, ಉಳಿದವರೂ ಆರಾರು ಜನ ಆಗೋಣ ಅಂದರು. 24ನ್ನು ಆರರಿಂದ ಭಾಗಿಸಿದರೆ ನಾಲ್ಕು. ನಮ್ಮಲ್ಲಿದ್ದ ಸಿಮ್ಮೂ ನಾಲ್ಕು. ತಂಡಕ್ಕೊಂದು ಫೋನು, ತಂಡಕ್ಕೊಬ್ಬರು ದುಡ್ಡಿನ ಯಜಮಾನರು. ಮೇಷ್ಟ್ರು ತಮ್ಮ ತಂಡಕ್ಕೆ ಪುಟ್ಟ ನೋಟ್‌ಬುಕ್ ತೆಗೆದರು.

ಆಮೇಲಿನ ಎರಡು ಗಂಟೆಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ, ಏಕೆಂದರೆ ಚೆನ್ನಾಗಿ ನಡೆಯಿತು. ಜಗಳ ಆದದ್ದು ಬಣ್ಣಕ್ಕೆ ಮಾತ್ರ. ಆರು ಕ್ಲಿಪ್ಪಿನಲ್ಲಿ ಕೆಂಪು ಒಂದೇ, ಬೇಕಾದವರು ನಾಲ್ಕು ಜನ. ಅತ್ತಿಗೆಯ ತಂಡದಲ್ಲಿ ಪ್ರತಿ ಅಂಗಡಿಯಲ್ಲೂ ಮೊದಲು ಆರಿಸುವವರು ಬದಲಾಗುತ್ತಿದ್ದರು. ಮೇಷ್ಟ್ರ ತಂಡದಲ್ಲಿ ಚೀಟಿ ಎತ್ತಿದರಂತೆ. ನನ್ನ ತಂಡದಲ್ಲಿ ಜಗಳವೇ ಆಗಲಿಲ್ಲ, ಏಕೆಂದರೆ ಯಾರೂ ಹೆಚ್ಚೇನೂ ಕೊಳ್ಳಲಿಲ್ಲ. ನಾವು ಗಂಡಸರು ಐದು ಜನ ಮತ್ತು ಆ ಚಿಕ್ಕ ಹುಡುಗಿ. ಹುಡುಗಿಗೆ ಬೇಕಾಗಿದ್ದದ್ದು ಬೋಟಿನ ಟಿಕೆಟ್ ಡಬ್ಬಿ. ಅದು ಎಲ್ಲೂ ಸಿಗಲಿಲ್ಲ.

ಒಬ್ಬರನ್ನು ಮಾತ್ರ ತಡೆಯಬೇಕಾಯಿತು. ನಮ್ಮ ತಂಡದ ಚಿಕ್ಕಪ್ಪ ಹಿತ್ತಾಳೆಯ ಬುದ್ಧನ ತಲೆಯೊಂದಕ್ಕೆ ಕೈ ಹಾಕಿದ್ದರು. ಥಾಯ್ಲೆಂಡಿನಿಂದ ಬುದ್ಧನ ಮೂರ್ತಿಯನ್ನು ಹೊರಗೆ ತರಬೇಕಾದರೆ ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ರಾತ್ರಿ ವಿಮಾನ ಇರುವಾಗ ಅನುಮತಿ ಎಲ್ಲಿಂದ ತರೋಣ? ತಲೆಯನ್ನಷ್ಟೇ ಮನೆಯಲ್ಲಿ ಅಲಂಕಾರಕ್ಕೆ ಇಡುವುದು ಅಲ್ಲಿನವರ ಕಣ್ಣಿಗೆ ಅಗೌರವ ಕೂಡ. ಚಿಕ್ಕಪ್ಪ ಮುಖ ಸಣ್ಣ ಮಾಡಿಕೊಂಡು ಆನೆ ತಗೊಂಡರು.

"ಗಲ್ಲಿ ಬಾಯಲ್ಲಿ ಸೇರೋಣ"

ಊಟ ಮುಗಿಸಿ ಹೊರಡುವಾಗ ನಾನು ಹೇಳಿದ ಮಾತು ಇದು: "ಮೂರೂವರೆಗೆ ಎಲ್ಲರೂ ಗಲ್ಲಿ ಬಾಯಲ್ಲಿ ಸೇರೋಣ." ಎಲ್ಲರೂ ಆಯ್ತು ಅಂದರು. ಒಬ್ಬರೂ ಯಾವ ಬಾಯಿ ಅಂತ ಕೇಳಲಿಲ್ಲ.

ನನ್ನ ಪಾಲಿಗೆ ಬಾಯಿ ಅಂದರೆ ನಾವು ಮೊದಲು ಒಳಗೆ ಬಂದ ಜಾಗ, ರಾಚವೊಂಗ್ ರಸ್ತೆ. ಅಲ್ಲಿಂದ ದೋಣಿಕಟ್ಟೆ ಹತ್ತಿರ. ಆದರೆ ಊಟದ ಮೇಲೆ ಎಲ್ಲರೂ ಗಲ್ಲಿಗೆ ಮತ್ತೆ ನುಗ್ಗಿದ್ದು ಫಾಹುರಾತ್ ಕಡೆಯಿಂದ. ಎರಡು ತಂಡದವರ ತಲೆಯಲ್ಲಿ ಅದೇ ಬಾಯಿ ಆಗಿತ್ತು. ಅವರು ಹೇಳುವುದೂ ಸರಿಯೇ. 3.30ಕ್ಕೆ ರಾಚವೊಂಗ್ ರಸ್ತೆಯಲ್ಲಿ 12 ಜನ, ಫಾಹುರಾತ್‌ನಲ್ಲಿ 12 ಜನ. ನಡುವೆ ಕೈಗಾಡಿ, ಚೀಲ, ಜನ ತುಂಬಿದ ಗಲ್ಲಿ. ಆ ಹೊತ್ತಿನಲ್ಲಿ ಅದನ್ನು ದಾಟಲು ಅರ್ಧ ಗಂಟೆ ಬೇಕು.

ಬೆಳಗ್ಗೆ ಆಗಿದ್ದರೆ ನಾನು ಓಡುತ್ತಿದ್ದೆ. ಈಗ ಎರಡೂ ತಂಡಕ್ಕೆ ಫೋನ್ ಮಾಡಿದೆ. "ಇಲ್ಲಿಗೆ ಬರಬೇಡಿ. ಅಲ್ಲಿಂದಲೇ ಹೊರಡಿ. ಯಾರೂ ಯಾರಿಗೂ ಕಾಯೋದು ಬೇಡ. ಸಫಾನ್ ತಾಕ್ಸಿನ್ ಮೆಟ್ಟಿಲ ಕೆಳಗೆ ಐದೂವರೆಗೆ ಸಿಗೋಣ." ಆ ಮೆಟ್ಟಿಲನ್ನು ಐದು ದಿನದಿಂದ ಎಲ್ಲರೂ ಹತ್ತಿ ಇಳಿದಿದ್ದರು. ಅದು ಯಾವುದು ಅಂತ ಯಾರೂ ಕೇಳಬೇಕಾಗಿರಲಿಲ್ಲ.

ನಾಲ್ಕು ತಂಡ ಮೂರು ದಾರಿಯಲ್ಲಿ ಬಂದವು. ಅತ್ತಿಗೆಯ ತಂಡ ಫಾಹುರಾತ್‌ನಿಂದ ನಡೆದು ಸಾಮ್ ಯೋತ್ ಮೆಟ್ರೊ ಹತ್ತಿತು. 2019ರಲ್ಲಿ ಮೆಟ್ರೊ ಈ ಹಳೆಯ ಪೇಟೆಯ ತನಕ ಬಂದಿದೆ. ಸಿ ಲೋಮ್‌ನಲ್ಲಿ ಇಳಿದು, ಮೇಲಿನ ರೈಲು ಹಿಡಿದು ಅವರು ಎಲ್ಲರಿಗಿಂತ ಮೊದಲು ಮುಟ್ಟಿದರು. ನನ್ನ ತಂಡ ಮತ್ತು ಆಂಟಿಯ ತಂಡ ರಾಚವೊಂಗ್ ಕಟ್ಟೆಗೆ ಹೋದೆವು. ಶುಕ್ರವಾರ ಸಂಜೆ, ಯೂನಿಫಾರ್ಮಿನ ಮಕ್ಕಳು, ಕಚೇರಿ ಮುಗಿಸಿದವರು, ಬೋಟ್ ತುಂಬಿ ಬರುತ್ತಿತ್ತು. ಮೊದಲ ಬೋಟಿಗೆ ಆಂಟಿಯ ಆರು ಜನ ಸೇರಿಕೊಂಡರು. ಆರು ಜನಕ್ಕೆ ಒಂದು ನಿಮಿಷ ಧಾರಾಳ. ಅದರ ಹಿಂದೆ ಬಂದದ್ದಕ್ಕೆ ನಾವು. ಈ ಸಲ ನಾನು ಕೊನೆಗೆ ಹತ್ತಿದೆ. ದೊಡ್ಡಪ್ಪ ನಮ್ಮ ತಂಡದಲ್ಲೇ ಇದ್ದರು. ನೀರು ಏರಿದ್ದರಿಂದ ಸಂಕ ಹೆಚ್ಚುಕಮ್ಮಿ ಸಮ ಆಗಿತ್ತು. ಕಂಬಿ ಹಿಡಿಯದೆ ನಡೆದು ಹೋಗಿ ಹತ್ತಿದರು.

ಮೇಷ್ಟ್ರ ತಂಡ ಎರಡು ಟ್ಯಾಕ್ಸಿ ಹಿಡಿಯಿತು. ಸಾಮಾನು ಜಾಸ್ತಿ ಇದೆ, ಆರಾಮಾಗಿ ಹೋಗೋಣ ಅಂತ. ನಾವು ಬೋಟಿನಲ್ಲಿ ಹದಿನೈದು ನಿಮಿಷಕ್ಕೆ ಬಂದ ದೂರಕ್ಕೆ ಅವರಿಗೆ ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಬ್ಯಾಂಕಾಕ್‌ನ ಶುಕ್ರವಾರದ ಸಂಜೆ ಅಂದರೆ ಅದೇ. ಅವರು ಮೆಟ್ಟಿಲ ಹತ್ತಿರ ಇಳಿದಾಗ 5.25. ಬೆಳಗ್ಗೆ ಒಂಬತ್ತು ಜನ ತಪ್ಪಿಸಿಕೊಂಡಾಗ ಹದಿನಾಲ್ಕು ಜನ ಬಿಸಿಲಲ್ಲಿ ಒಣಗಿದ್ದರು. ಈಗ ಆರು ಜನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಉಳಿದವರು ಹೋಟೆಲಿನಲ್ಲಿ ಮುಖ ತೊಳೆದು, ಬ್ಯಾಗ್ ಕಟ್ಟಿ, ಐದೂವರೆಗೆ ಕೆಳಗಿಳಿದು ಬಂದಿದ್ದರು.

ಲೆಕ್ಕ

6.30ರ ಬಸ್ 6.40ಕ್ಕೆ ಹೊರಟಿತು. ಬೆಳಗಿನ ನಲವತ್ತು ನಿಮಿಷ, ಗಲ್ಲಿಯ ಸಾಲಿನ ಐವತ್ತು ನಿಮಿಷ, ಎರಡೂ ಸೇರಿ ಒಂದೂವರೆ ಗಂಟೆ ಸುಮ್ನೆ ಹೋಯಿತು. ಎರಡಕ್ಕೂ ಕಾರಣ ಒಂದೇ: 24 ಜನ ಒಟ್ಟಿಗೆ ಇರಲೇಬೇಕು ಅನ್ನುವ ನನ್ನ ಹಟ. ಬಾಡಿಗೆ ಬೋಟ್ ಹಿಡಿದಿದ್ದರೆ ಬೆಳಗಿನ ನಲವತ್ತು ಉಳಿಯುತ್ತಿತ್ತು, ಗಲ್ಲಿಯ ಐವತ್ತು ಉಳಿಯುತ್ತಿರಲಿಲ್ಲ. ಬೆಳಗ್ಗೆ ಹೋಟೆಲಿನಲ್ಲೇ ಆರಾರು ಜನ ಮಾಡಿ, ತಂಡಕ್ಕೊಂದು ಸಿಮ್ ಕೊಟ್ಟು, ಇಳಿಯುವ ಕಟ್ಟೆಯ ಹೆಸರು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಎರಡೂ ಉಳಿಯುತ್ತಿದ್ದವು. ಉಳಿದ ಸಮಯಕ್ಕೆ ಆ ಆರೇಳು ಜನ ಅರುಣನ ಗೋಪುರ ಹತ್ತುತ್ತಿದ್ದರು.

ಇನ್ನೊಂದು ಕಡೆ ನಾನು ಪೂರ್ತಿ ಎಡವಿದೆ. ಶಾಪಿಂಗ್‌ಗೆ ಹೋಗುವ ಮುಂಚೆ ಯಾರ ಬ್ಯಾಗಿನಲ್ಲಿ ಎಷ್ಟು ಜಾಗ ಇದೆ ಅಂತ ನೋಡಲೇ ಇಲ್ಲ. ಎಣಿಕೆಗೆ ಬೆಲೆ ಇಳಿಯುವ ಗಲ್ಲಿಯಲ್ಲಿ ತೂಕ ಯಾರ ನೆನಪಿಗೂ ಬರುವುದಿಲ್ಲ. ಮೇಷ್ಟ್ರ ತಂಡದವರು ಮಣಿಯ ಪೊಟ್ಟಣ ಹನ್ನೆರಡು ತಂದಿದ್ದರು. ಗಾಜಿನ ಮಣಿ, ಕಲ್ಲಿನಷ್ಟು ಭಾರ. ವಿಮಾನ ನಿಲ್ದಾಣದ ನೆಲದ ಮೇಲೆ ಬ್ಯಾಗು ಬಿಚ್ಚಿ, ಒಬ್ಬೊಬ್ಬರ ಕೈಚೀಲಕ್ಕೆ ಅರ್ಧರ್ಧ ಪೊಟ್ಟಣ ಹಂಚಿದೆವು. ಅತ್ತಿಗೆಯ ಚೀಲದಲ್ಲಿ ಮಾತ್ರ ಜಾಗ ಇತ್ತು, ಅವರು ಕೊಂಡದ್ದೆಲ್ಲ ಓಲೆ. ಹಂಚುವಾಗ ಒಂದು ಪೊಟ್ಟಣ ಹರಿದು ನೀಲಿ ಮಣಿಗಳು ಚೆಕ್ ಇನ್ ಸಾಲಿನ ಉದ್ದಕ್ಕೂ ಉರುಳಿದವು. ಚಿಕ್ಕ ಹುಡುಗಿ ಅವನ್ನು ಆರಿಸುತ್ತಾ ಹೋದಳು. ಮೇಷ್ಟ್ರು ನೋಟ್‌ಬುಕ್ ತೆಗೆದು, ಆ ಪೊಟ್ಟಣ ಯಾರ ಪಾಲಿನದು ಅಂತ ಹುಡುಕುತ್ತಾ ನಿಂತಿದ್ದರು.